ರೋಣ ಸೀಮೆಯ ಮಕ್ಕಳು ಮತ್ತು ಆರೋಗ್ಯವಿಮೆಯ ಲೆಕ್ಕ

ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರುಗಳು ಇತಿಹಾಸದ ಪುಸ್ತಕಗಳಲ್ಲಿ ಕಾಣಿಸಿಕೊಳ್ಳುವುದು ಕೋಟೆ, ಕೌಲು, ಬಂಡಾಯಗಳ ನಡುವೆ. 1787ರಲ್ಲಿ ಟೀಪೂ ಸುಲ್ತಾನನಿಗೂ ಮರಾಠರಿಗೂ ಆದ ಒಪ್ಪಂದಕ್ಕೆ ಗಜೇಂದ್ರಗಡದ ಹೆಸರಿದೆ. 1858ರಲ್ಲಿ ನರಗುಂದದ ಬಾಬಾಸಾಹೇಬ ಭಾವೆ ಇಂಗ್ಲಿಷರ ಮೇಲೆ ಎದ್ದು ನಿಂತ. ರೋಣವನ್ನು ಸ್ಥಳಪುರಾಣ ದ್ರೋಣಪುರವೆಂದು ಕರೆಯುತ್ತದೆ; ಸಂಗೀತ ಬಲ್ಲವರಿಗೆ ಅದು ಭೀಮಸೇನ ಜೋಶಿಯವರು ಹುಟ್ಟಿದ ಊರು. ಇಷ್ಟನ್ನು ಹೇಳಿದರೆ ಈ ಸೀಮೆಯ ಇತಿಹಾಸ ಮುಗಿಯಿತೆಂದು ನಾವು ತಿಳಿದುಬಿಡುತ್ತೇವೆ. ಎರೆಮಣ್ಣಿನ ಈ ನೆಲದಲ್ಲಿ ಜೋಳ, ಕಡಲೆ, ಹತ್ತಿ ಬೆಳೆದವರ ಮನೆಯಲ್ಲಿ ಒಂದು ಮಗು ಜಡ್ಡಿಗೆ ಬಿದ್ದಾಗ ಏನಾಗುತ್ತಿತ್ತು, ಆ ಜಡ್ಡಿನ ವೆಚ್ಚವನ್ನು ಯಾರು ಹೊರುತ್ತಿದ್ದರು, ಯಾರು ಹೊರಬೇಕೆಂದು ವಾದಗಳು ನಡೆದವು ಎಂಬುದಕ್ಕೂ ಒಂದು ಇತಿಹಾಸವುಂಟು. ಅದು ಕೋಟೆಯ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಸರಕಾರದ ಆದೇಶಗಳಲ್ಲಿ, ಸಹಕಾರಿ ಸಂಘದ ಪಾವತಿ ಪುಸ್ತಕಗಳಲ್ಲಿ, ಪಡಿತರ ಚೀಟಿಯ ಒಳಪುಟಗಳಲ್ಲಿ ಚದುರಿಹೋಗಿದೆ. ಇಂದಿನ ನನ್ನ ಮಾತು ಅದನ್ನು ಕುರಿತದ್ದು.

ಬಾಬಾಸಾಹೇಬನ ಬಂಡಾಯದ ಬೇರಿನಲ್ಲಿಯೂ ಒಂದು ಮಗುವಿನ ಪ್ರಶ್ನೆ ಇತ್ತೆಂಬುದನ್ನು ಇಲ್ಲಿಯೇ ನೆನೆಯಬಹುದು. ಸಂತಾನವಿಲ್ಲದ ಸಂಸ್ಥಾನಿಕ ದತ್ತಕ ತೆಗೆದುಕೊಳ್ಳಲು ಅನುಮತಿ ಬೇಡಿದ. ಕಂಪನಿ ಸರಕಾರ ಕೊಡಲಿಲ್ಲ. ಮನೆಯಲ್ಲಿ ಯಾರು ಮಗು, ಯಾರಲ್ಲ ಎಂಬುದನ್ನು ಮನೆಯವರಲ್ಲದೆ ಸರಕಾರದ ಕಾಗದ ನಿರ್ಧರಿಸಿದ ಪ್ರಸಂಗವದು. ಸಂಸ್ಥಾನಿಕನ ದತ್ತಕಕ್ಕೂ ಬಡ ರೈತನ ಕೂಸಿನ ಔಷಧಕ್ಕೂ ನಂಟು ಕಟ್ಟುವುದು ಅತಿಯಾದೀತು, ನಾನು ಕಟ್ಟುವುದಿಲ್ಲ. ಆದರೆ 'ಕುಟುಂಬ' ಎಂಬ ಪದಕ್ಕೆ ಸರಕಾರ ಬರೆಯುವ ವ್ಯಾಖ್ಯೆಯಿಂದ ಎಷ್ಟು ಬದುಕುಗಳು ಆಚೀಚೆಯಾಗುತ್ತವೆ ಎಂಬ ಮಾತು ಮುಂದೆ ಮತ್ತೆ ಮತ್ತೆ ಬರಲಿದೆ.

ವಿಮೆಯ ಕತೆ ನಮ್ಮಲ್ಲಿ ಕಾರ್ಖಾನೆಯಿಂದ ಆರಂಭವಾಯಿತು. ಯುರೋಪಿನಲ್ಲಿಯೂ ಹಾಗೆಯೇ. 1883ರಲ್ಲಿ ಬಿಸ್ಮಾರ್ಕನು ಜರ್ಮನಿಯ ಕೆಲಸಗಾರರಿಗೆ ಕಾಯಿಲೆವಿಮೆಯನ್ನು ಕಡ್ಡಾಯ ಮಾಡಿದ. 1911ರಲ್ಲಿ ಲಾಯ್ಡ್ ಜಾರ್ಜ್ ಇಂಗ್ಲೆಂಡಿಗೆ ಅದನ್ನು ತಂದಾಗ ವೈದ್ಯನ ಉಪಚಾರ ದೊರೆತದ್ದು ದುಡಿಯುವವನಿಗೆ. ಅವನ ಹೆಂಡತಿ ಮಕ್ಕಳು ಹೊರಗುಳಿದರು. ಅದಕ್ಕೂ ಮೊದಲು, 1907ರಲ್ಲಿ, ಅದೇ ದೇಶ ಶಾಲೆಗಳಲ್ಲಿ ಮಕ್ಕಳ ವೈದ್ಯಪರೀಕ್ಷೆಯನ್ನು ಕಾಯಿದೆಯ ಮೂಲಕ ಜಾರಿಗೆ ತಂದಿತ್ತು. ಮಗುವಿಗೆ ಏನು ರೋಗವಿದೆಯೆಂದು ಸರಕಾರವೇ ಹುಡುಕಿ ತಾಯಿಯ ಕೈಗೆ ಚೀಟಿ ಕೊಡುತ್ತದೆ, ಆದರೆ ಆ ರೋಗ ವಾಸಿಮಾಡುವ ವೆಚ್ಚ ಮಾತ್ರ ಅವಳದೇ! 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಬರುವ ತನಕ ಈ ವಿಚಿತ್ರ ಬಹುಮಟ್ಟಿಗೆ ಮುಂದುವರಿಯಿತು. ನಮ್ಮ ದೇಶದಲ್ಲಿ ಶಾಲಾ ಮಕ್ಕಳ ವೈದ್ಯಪರೀಕ್ಷೆ ಮೊದಲಾದದ್ದು 1909ರಲ್ಲಿ, ಬರೋಡಾ ಸಂಸ್ಥಾನದಲ್ಲಿ.

1943ರಲ್ಲಿ ನೇಮಕವಾಗಿ 1946ರಲ್ಲಿ ವರದಿಯಿತ್ತ ಜೋಸೆಫ್ ಭೋರ್ ಸಮಿತಿ, ಹಣ ಕೊಡಲಾರದ ಕಾರಣಕ್ಕೆ ಯಾವನೊಬ್ಬನಿಗೂ ಚಿಕಿತ್ಸೆ ತಪ್ಪಬಾರದೆಂಬ ತತ್ತ್ವವನ್ನು ಮುಂದಿಟ್ಟಿತು. ಅದರ ಮನಸ್ಸು ಇದ್ದದ್ದು ಸರಕಾರವೇ ಹಳ್ಳಿಹಳ್ಳಿಗೆ ತಲುಪಿಸುವ ಉಚಿತ ಸೇವೆಯ ಕಡೆಗೆ. ಆದರೆ ಕಾಯಿದೆಯ ರೂಪವನ್ನು ಬೇಗ ತಾಳಿದ್ದು ಇನ್ನೊಂದು ವರದಿ. ಬಿ. ಪಿ. ಅಡಾರ್ಕರರು 1944ರಲ್ಲಿ ಕಾರ್ಖಾನೆಯ ಕೆಲಸಗಾರರಿಗಾಗಿ ವಿಮೆಯ ಯೋಜನೆಯೊಂದನ್ನು ಸಿದ್ಧಪಡಿಸಿದ್ದರು. 1948ರ ಕಾರ್ಮಿಕರ ರಾಜ್ಯವಿಮಾ ಕಾಯಿದೆ ಅದರ ಫಲ. 1952ರ ಫೆಬ್ರವರಿಯಲ್ಲಿ ಕಾನಪುರ ಮತ್ತು ದಿಲ್ಲಿಗಳಲ್ಲಿ ಅದು ಕೆಲಸಕ್ಕೆ ತೊಡಗಿತು. ಆಗಲೂ ಚಿಕಿತ್ಸೆ ಕೆಲಸಗಾರನಿಗೆ ಮಾತ್ರ. ಕೆಲಸಗಾರನ ಕುಟುಂಬಕ್ಕೂ ಪೂರ್ಣ ಚಿಕಿತ್ಸೆಯನ್ನು ವಿಸ್ತರಿಸಿದ್ದು 1958ರ ಜುಲೈ 27ರಂದು. ಅದು ಭಾರತದಲ್ಲಿ ಮೊಟ್ಟಮೊದಲು ಆದದ್ದು ಅಂದಿನ ಮೈಸೂರು ರಾಜ್ಯದಲ್ಲಿ. ಬಿಹಾರ ಅದೇ ವರ್ಷದ ಆಗಸ್ಟ್ 15ರಂದು ಹಿಂಬಾಲಿಸಿತು. ಕನ್ನಡಿಗರು ತಮ್ಮ ರಾಜ್ಯದ ಮೊದಲುಗಳನ್ನು ಎಣಿಸುವಾಗ ಈ ದಿನಾಂಕವನ್ನು ಮರೆತೇಬಿಡುತ್ತೇವೆ. ನಮ್ಮ ದೇಶದಲ್ಲಿ ಮಗುವೊಂದು ಸಾಮಾಜಿಕ ವಿಮೆಯ ಬಾಗಿಲಿನಿಂದ ಆಸ್ಪತ್ರೆಯನ್ನು ಹೊಕ್ಕ ಕತೆ ಇಲ್ಲಿಂದ ಮೊದಲಾಗುತ್ತದೆಂದರೆ ತಪ್ಪಾಗಲಾರದು.

ಹೊಕ್ಕ ಮಗು ಯಾರದು? ಬೆಂಗಳೂರಿನ ಗಿರಣಿಯವನದು, ಕಾರ್ಖಾನೆಯವನದು. ಎರಡು ವರ್ಷಗಳ ಹಿಂದಷ್ಟೆ ಮುಂಬಯಿ ರಾಜ್ಯದಿಂದ ಬಂದು ಸೇರಿದ್ದ ಧಾರವಾಡ ಜಿಲ್ಲೆಯ ರೋಣ, ನರಗುಂದ ತಾಲೂಕುಗಳಲ್ಲಿ ಕಾರ್ಖಾನೆಯೆಂಬುದೇ ಅಪರೂಪ. ಕೂಲಿಯವನಿಗೆ ಧಣಿಯುಂಟು, ಹಾಜರಿ ಪುಸ್ತಕವಿಲ್ಲ. ಗಜೇಂದ್ರಗಡದ ನೇಕಾರನಿಗೆ ಮನೆಯೇ ಕಾರ್ಖಾನೆ. ಕುಣಿಮಗ್ಗದಲ್ಲಿ ಅವನು ಕಾಲಿಳಿಬಿಟ್ಟು ಕುಳಿತರೆ ಹೆಂಡತಿ ಮಕ್ಕಳು ಕಂಡಿಕೆ ಸುತ್ತಬೇಕು. ದುಡಿಮೆಯಲ್ಲಿ ಆ ಮಕ್ಕಳೂ ಪಾಲುದಾರರೇ. ಆದರೆ ಕಾಯಿದೆಯ ಕಣ್ಣಿಗೆ ಅಲ್ಲಿ ಕೆಲಸಗಾರನೂ ಇಲ್ಲ, ಕುಟುಂಬವೂ ಇಲ್ಲ.

ಹೀಗೆ ಕಾರ್ಖಾನೆಯ ಹಾದಿಯಿಂದ ಈ ಸೀಮೆಗೆ ವಿಮೆ ಬರಲು ಸಾಧ್ಯವಿರಲಿಲ್ಲ. ಅದು ಬಂದದ್ದು ಸಹಕಾರದ ಹಾದಿಯಿಂದ. ಆ ಹಾದಿಯ ಮೊದಲ ಕಲ್ಲು ಇದೇ ಜಿಲ್ಲೆಯಲ್ಲಿದೆ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಆಯಿತು. ಮರುವರ್ಷ, 1905ರಲ್ಲಿ, ಗದಗು ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಪತ್ತಿನ ಸಂಘ ಕಟ್ಟಿದರು. ಆ ಕಾಯಿದೆಯಡಿ ದೇಶದಲ್ಲೇ ಮೊದಲನೆಯದೆಂಬ ಕೀರ್ತಿ ಅದರದು. ಅಲ್ಲಿ ಗೌಡರು ಕಂಡಿದ್ದ ಶತ್ರು ಸಾಲ. ರೈತನ ಸಾಲಕ್ಕೆ ಬರ, ಮದುವೆಗಳ ಜೊತೆಗೆ ಜಡ್ಡು ಕೂಡ ದೊಡ್ಡ ಕಾರಣವೆಂಬುದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಬೀಜಕ್ಕೆ ಸಾಲ ಕೊಡುವ ಸಂಘ ಆಸ್ಪತ್ರೆಯ ವೆಚ್ಚಕ್ಕೂ ಒದಗಬಾರದೇಕೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಮಾತ್ರ ಒಂದು ಶತಮಾನ ಹಿಡಿಯಿತು.

ಉತ್ತರದ ಹೆಸರು ಯಶಸ್ವಿನಿ. ಹೃದಯ ಶಸ್ತ್ರವೈದ್ಯ ದೇವಿ ಶೆಟ್ಟಿಯವರ ಎಣಿಕೆ ಸರಳವಾಗಿತ್ತು: ಖಾಸಗಿ ಆಸ್ಪತ್ರೆಗಳಲ್ಲಿ ಹಾಸಿಗೆಗಳು ಖಾಲಿ ಇವೆ, ಸಹಕಾರಿ ಸಂಘಗಳಲ್ಲಿ ಲಕ್ಷಾಂತರ ಸದಸ್ಯರಿದ್ದಾರೆ; ತಿಂಗಳಿಗೆ ಐದು ರೂಪಾಯಿ ಎಲ್ಲರೂ ಹಾಕಿದರೆ ಶಸ್ತ್ರಚಿಕಿತ್ಸೆ ಬೇಕಾದ ಕೆಲವರ ವೆಚ್ಚ ನೀಗುತ್ತದೆ. ಎಸ್. ಎಂ. ಕೃಷ್ಣ ಅವರ ಸರಕಾರದ ಸಹಕಾರ ಇಲಾಖೆ ಇದನ್ನು ಕೈಗೆತ್ತಿಕೊಂಡಿತು. 2003ರ ಜೂನ್ 1ರಿಂದ ಚಿಕಿತ್ಸೆ ಆರಂಭ. ತಲೆಗೆ ವರ್ಷಕ್ಕೆ 60 ರೂಪಾಯಿ. ಮೊದಲ ವರ್ಷ ಅದರ ಮೇಲೆ ಸರಕಾರ ತಲಾ 30 ರೂಪಾಯಿ ಸೇರಿಸಿತು. ಸುಮಾರು 1600 ಬಗೆಯ ಶಸ್ತ್ರಕ್ರಿಯೆಗಳು ಪಟ್ಟಿಯಲ್ಲಿದ್ದವು. ಮೊದಲ ವರ್ಷವೇ 16 ಲಕ್ಷ ಜನ ಸೇರಿದರು. ಎರಡನೆಯ ವರ್ಷ 20 ಲಕ್ಷ ದಾಟಿತು. ವಂತಿಗೆ 120 ರೂಪಾಯಿಗೆ ಏರಿದಾಗ ಸಂಖ್ಯೆ 15 ಲಕ್ಷಕ್ಕಿಂತ ಕೆಳಗಿಳಿಯಿತು. ಮತ್ತೆ ಏರಿ 2009-10ರ ಹೊತ್ತಿಗೆ 30 ಲಕ್ಷ ಮುಟ್ಟಿತು.

ಈ ಏರಿಳಿತವನ್ನು ಅರ್ಥಶಾಸ್ತ್ರಜ್ಞರು ಬೆಲೆಯ ಸೂತ್ರದಿಂದ ವಿವರಿಸುತ್ತಾರೆ. ನನಗೆ ಅದರ ಹಿಂದೆ ಒಂದು ಜಗಲಿ ಕಾಣುತ್ತದೆ. ಸಂಘದ ಕಾರ್ಯದರ್ಶಿ ಪುಸ್ತಕ ಹಿಡಿದು ಕುಳಿತಿದ್ದಾನೆ. ಮನೆಯ ಯಜಮಾನ ಲೆಕ್ಕ ಹಾಕುತ್ತಿದ್ದಾನೆ. ವಂತಿಗೆ ತಲೆಗಿಷ್ಟೆಂದು ಇದ್ದರೆ ಲೆಕ್ಕವೂ ತಲೆತಲೆಯದೇ: ತಾಯಿಗೆ ಕಣ್ಣಿನ ಪೊರೆ, ಹೆಂಡತಿಗೆ ಗರ್ಭಕೋಶದ ತೊಂದರೆ, ತನಗೆ ಹರ್ನಿಯಾ, ಇವರನ್ನು ಬರೆಸಬೇಕು. ಮಕ್ಕಳು? ಮಕ್ಕಳು ಆಡಿಕೊಂಡಿವೆಯಲ್ಲ, ಮುಂದಿನ ವರ್ಷ ನೋಡೋಣ. ಹಣ ಇಮ್ಮಡಿಯಾದಾಗ ಈ 'ಮುಂದಿನ ವರ್ಷ' ಇನ್ನೊಂದು ವರ್ಷ ದೂರ ಸರಿಯುತ್ತದೆ. ವಿಮೆಯ ತತ್ತ್ವವೇ ಕಾಣದ ಆಪತ್ತಿಗೆ ಮುಂಚಿತವಾಗಿ ಕೊಡುವುದು. ಕೊಡುವವನಾದರೋ ಕಂಡ ಆಪತ್ತಿಗೇ ಮೊದಲು ಕೊಡುತ್ತಾನೆ. ಮಗುವಿನ ಹೃದಯದೊಳಗಿನ ರಂಧ್ರ ಕಣ್ಣಿಗೆ ಕಾಣುವುದಿಲ್ಲ. ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು ಎಂಟು ಒಂಬತ್ತು ಮಕ್ಕಳಿಗೆ ಹೃದಯದ ಯಾವುದೋ ಒಂದು ಜನ್ಮದೋಷವಿರುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಆಟದಲ್ಲಿ ಬೇಗ ದಣಿದು ಕೂಡುವ ಹುಡುಗನನ್ನು ನಾವು ಸೋಮಾರಿಯೆಂದು ಬೈದಿರುತ್ತೇವೆ.

ವಂತಿಗೆಯ ಮಾತು ಬಂದಾಗ ನರಗುಂದವನ್ನು ಮರೆಯುವಂತಿಲ್ಲ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟಾಗಿ ಕಾಲುವೆ ಬಂದಾಗ ಜಮೀನಿನ ಬೆಲೆ ಏರಿತೆಂದು ಸರಕಾರ ಅಭಿವೃದ್ಧಿ ಕರ ಹಾಕಿತು. ಎಷ್ಟೋ ಹೊಲಗಳಿಗೆ ನೀರೇ ತಲುಪಿರಲಿಲ್ಲ. ತಲುಪಿದ ಕಡೆ ಕೆಲವೆಡೆ ಭೂಮಿ ಜೌಳಾಗಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಎದ್ದರು, ಗೋಳಿಬಾರಾಯಿತು, ರೈತರು ಸತ್ತರು. ರಾಜ್ಯದ ರೈತ ಚಳವಳಿಗೆ ಅದೇ ನಾಂದಿಯಾಯಿತು. ಬಾರದ ನೀರಿಗೆ ದುಡ್ಡು ಕೊಡೆವೆಂದವರ ನಾಡು ಇದು. ಇಂಥ ನಾಡಿನಲ್ಲಿ, ಬಾರದಿರಲೆಂದು ಹಾರೈಸುವ ಕಾಯಿಲೆಗೆ ಮುಂಗಡ ಹಣ ಕೊಡಿರೆಂದು ಕೇಳುವುದು ಎಷ್ಟು ನಾಜೂಕಿನ ಕೆಲಸವೆಂಬುದನ್ನು ಬೆಂಗಳೂರಿನಲ್ಲಿ ಕುಳಿತು ಯೋಜನೆ ಬರೆದವರು ಅಳೆದಿರಲಾರರು. ಆದರೂ ಒಂದು ಭೇದವುಂಟು. ಕರವನ್ನು ಮೇಲಿನಿಂದ ಹೇರಲಾಗಿತ್ತು. ಸಂಘದ ವಂತಿಗೆಯನ್ನು ಸದಸ್ಯ ತಾನಾಗಿ ಕೊಡುತ್ತಿದ್ದ, ಬೇಡವಾದರೆ ಬಿಡುತ್ತಿದ್ದ. ಕೊಟ್ಟವನಿಗೆ ಆಸ್ಪತ್ರೆಯ ಮೇಜಿನ ಮುಂದೆ ಕೇಳುವ ಹಕ್ಕು ಬರುತ್ತದೆ, ಧರ್ಮಕ್ಕೆ ಪಡೆದವನು ಕೈಕಟ್ಟಿ ನಿಲ್ಲುತ್ತಾನೆ ಎಂದು ವಂತಿಗೆಯ ಪರವಾಗಿ ವಾದಿಸುವವರಿದ್ದಾರೆ. ಮಾತಿನಲ್ಲಿ ಹುರುಳಿದೆ. ಸಂಘದ ಸದಸ್ಯನಾಗಲು ತಕ್ಕಷ್ಟೂ ಇಲ್ಲದ ಕೂಲಿಕಾರನ ಮಗುವನ್ನು ನೆನೆದಾಗ ಮಾತ್ರ ಆ ವಾದ ತೆಳ್ಳಗಾಗುತ್ತದೆ.

ನೇಕಾರರ ಪಾಲಿಗೆ 2005ರಲ್ಲಿ ಕೇಂದ್ರ ಸರಕಾರ ಪ್ರತ್ಯೇಕ ಆರೋಗ್ಯವಿಮೆಯನ್ನು ತಂದಿತು. ಖಾಸಗಿ ವಿಮಾ ಕಂಪನಿಯೊಂದರ ಮೂಲಕ ವರ್ಷಕ್ಕೆ 15 ಸಾವಿರ ರೂಪಾಯಿಯ ರಕ್ಷಣೆ. ಫಲಾನುಭವಿಗಳು ಯಾರೆಂದರೆ ನೇಕಾರ, ಅವನ ಅಥವಾ ಅವಳ ಸಂಗಾತಿ, ಇಬ್ಬರು ಮಕ್ಕಳು. ಕಂಡಿಕೆ ಸುತ್ತುವ ಮೂರನೆಯ ಮಗು ಈ ಲೆಕ್ಕದಲ್ಲಿಲ್ಲ. ಸಣ್ಣ ಕುಟುಂಬವೆಂಬ ನೀತಿಯನ್ನು ಗೋಡೆಯ ಮೇಲೆ ಬರೆಯುವುದು ಬೇರೆ. ಹುಟ್ಟಿಬಿಟ್ಟ ಮಗುವಿನ ಜ್ವರದ ಮೇಲೆ ಬರೆಯುವುದು ಬೇರೆ. ತಂದೆತಾಯಿಗಳ ನಡತೆಗೆ ಮಗುವನ್ನು ದಂಡಿಸುವ ಈ ಕ್ರಮವನ್ನು ಅಂದು ಯಾರೂ ದೊಡ್ಡ ದನಿಯಲ್ಲಿ ಪ್ರಶ್ನಿಸಲಿಲ್ಲವೆಂಬುದು ನನಗೆ ಇಂದಿಗೂ ಸೋಜಿಗವೇ.

2008ರ ಏಪ್ರಿಲಿನಲ್ಲಿ ಬಂದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಅಂಕಿ ಸ್ವಲ್ಪ ಉದಾರವಾಯಿತು. ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ 30 ರೂಪಾಯಿ ನೋಂದಣಿ ಶುಲ್ಕ, 30 ಸಾವಿರ ರೂಪಾಯಿಯ ರಕ್ಷಣೆ, ಹೆಬ್ಬೆಟ್ಟಿನ ಗುರುತು ಅಡಗಿಸಿಟ್ಟ ಒಂದು ಕಾರ್ಡು. ಕಾರ್ಡಿನಲ್ಲಿ ಐದು ಹೆಸರಿಗೆ ಜಾಗ: ಯಜಮಾನ, ಹೆಂಡತಿ, ಮೂವರು ಅವಲಂಬಿತರು. ಮನೆಯಲ್ಲಿ ಮುದುಕಿಯಿದ್ದರೆ ಉಳಿಯುವುದು ಎರಡು ಜಾಗ. ಈ ಯೋಜನೆಯ ನಿಯಮವೊಂದು ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಕಾರ್ಡಿನಲ್ಲಿ ಐವರು ತುಂಬಿದ್ದರೂ ಆ ವರ್ಷ ಹುಟ್ಟಿದ ಕೂಸಿಗೆ ಹುಟ್ಟಿದ ಗಳಿಗೆಯಿಂದಲೇ ರಕ್ಷಣೆ ಉಂಟು, ಆದರೆ ಆ ವರ್ಷದ ವಿಮೆ ಮುಗಿಯುವ ತನಕ ಮಾತ್ರ. ಆಮೇಲೆ ಕಾರ್ಡು ಹೊಸದಾಗುವಾಗ ಐದೇ ಹೆಸರು. ಕೂಸನ್ನು ಸೇರಿಸಬೇಕಾದರೆ ಇನ್ನೊಬ್ಬರನ್ನು ತೆಗೆಯಬೇಕು. ಅಜ್ಜಿಯನ್ನೋ, ನಡುವಣ ಹುಡುಗಿಯನ್ನೋ? ಸರಕಾರ ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಅದನ್ನು ಮನೆಯೊಳಕ್ಕೆ ತಳ್ಳಿ ಬಾಗಿಲು ಹಾಕಿಕೊಂಡಿತು. ನಮ್ಮ ಮನೆಗಳಲ್ಲಿ ಇಂಥ ಆಯ್ಕೆ ಬಂದಾಗ ಯಾರ ಹೆಸರು ಮೊದಲು ಅಳಿಸಿಹೋಗುತ್ತದೆಂಬುದನ್ನು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.

ಇದರ ನಡುವೆಯೇ 2010ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ವಾಜಪೇಯಿ ಆರೋಗ್ಯಶ್ರೀಯನ್ನು ಅಂದಿನ ಗುಲಬರ್ಗಾ ವಿಭಾಗದಲ್ಲಿ ಆರಂಭಿಸಿತು. ಬೆಳಗಾವಿ ವಿಭಾಗಕ್ಕೆ, ಎಂದರೆ ಗದಗು ಜಿಲ್ಲೆಗೂ, ಅದು ಅನಂತರ ಬಂತು. ಗಜೇಂದ್ರಗಡಕ್ಕೆ ಕೊಪ್ಪಳ ಜಿಲ್ಲೆಯ ಎಲ್ಲೆ ಕೂಗಳತೆಯಲ್ಲಿದೆ. ಎಲ್ಲೆಯ ಆಚೆಯ ಹಳ್ಳಿಯಲ್ಲಿ ಹೃದ್ರೋಗದ ಮಗುವಿಗೆ ಉಚಿತ ಚಿಕಿತ್ಸೆ ಉಂಟು, ಈಚೆಯ ಹಳ್ಳಿಯಲ್ಲಿ ಕೆಲಕಾಲ ಇಲ್ಲ! ಈ ಯೋಜನೆಯಲ್ಲಿ ವಂತಿಗೆಯಿರಲಿಲ್ಲ, ವಿಮಾ ಕಂಪನಿಯೂ ಇರಲಿಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಎಂಬ ಸರಕಾರಿ ಸಂಸ್ಥೆಯೇ ಆಸ್ಪತ್ರೆಗಳಿಗೆ ಹಣ ಕೊಡುತ್ತಿತ್ತು. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ನರರೋಗ, ಸುಟ್ಟಗಾಯ, ನವಜಾತ ಶಿಶುಗಳ ತೊಂದರೆ, ಹೀಗೆ ದೊಡ್ಡ ಕಾಯಿಲೆಗಳಿಗಷ್ಟೆ ಅದು ಮೀಸಲು. ಕುಟುಂಬಕ್ಕೆ ಒಂದೂವರೆ ಲಕ್ಷ, ಮೇಲೆ ಬೇಕಾದರೆ 50 ಸಾವಿರ. ಇಲ್ಲಿಯೂ ಕುಟುಂಬವೆಂದರೆ ಐವರು.

ದಕ್ಷಿಣದ ಜಿಲ್ಲೆಗಳಿಗೆ 2012ರವರೆಗೆ ಈ ಯೋಜನೆ ಹೋಗಲಿಲ್ಲ. ಈ ತಡವನ್ನೇ ಅಳತೆಗೋಲಾಗಿ ಮಾಡಿಕೊಂಡು ನೀರಜ್ ಸೂದ್ ಮತ್ತು ಅವರ ಸಂಗಡಿಗರು ಒಂದು ಅಧ್ಯಯನ ನಡೆಸಿದರು. ಯೋಜನೆಯ ಎಲ್ಲೆಯ ಎರಡೂ ಬದಿಗೆ ಒಟ್ಟು 572 ಹಳ್ಳಿಗಳು, 31 ಸಾವಿರಕ್ಕೂ ಮಿಕ್ಕಿದ ಮನೆಗಳು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಫಲಿತಾಂಶದಂತೆ, ಯೋಜನೆ ಒಳಗೊಂಡ ಕಾಯಿಲೆಗಳಿಂದ ಆಗುವ ಸಾವು ಬಡಕುಟುಂಬಗಳಲ್ಲಿ ಶೇಕಡ 64ರಷ್ಟು ಕಡಿಮೆಯಾಗಿತ್ತು. ಇದು ಎಲ್ಲ ವಯಸ್ಸಿನವರ ಲೆಕ್ಕ, ಮಕ್ಕಳದಷ್ಟೆ ಅಲ್ಲ. ಆದರೂ ವಿಮೆಯಿಂದ ಬಡವನ ಜೀವ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ನಮ್ಮ ನಾಡಿನಿಂದಲೇ ಸಿಕ್ಕಿತೆಂಬುದು ಸಣ್ಣ ಮಾತಲ್ಲ. ಉಳಿಸಿದ್ದು ಹಣವೊಂದೇ ಆಗಿರಲಾರದು. ಆಸ್ಪತ್ರೆಗಳವರು ಹಳ್ಳಿಗಳ ಕಡೆಗೆ ಬಂದು ಶಿಬಿರ ನಡೆಸಿ ರೋಗಿಗಳನ್ನು ಹುಡುಕಬೇಕೆಂಬ ಕಟ್ಟಳೆ ಇತ್ತು. ದಾರಿ ತೋರಲು ಆರೋಗ್ಯಮಿತ್ರರಿದ್ದರು. ಮಗುವಿನ ಎದೆಗೆ ಯಾರೋ ಒಬ್ಬರು ಕಿವಿಗೊಟ್ಟರು. ವಿಮೆಗಿಂತ ಮೊದಲು ಅದು ಆಗಬೇಕು.

ಮಕ್ಕಳ ಮಟ್ಟಿಗೆ ಈ ಕಿವಿಗೊಡುವ ಕೆಲಸವನ್ನು ಶಾಲೆ, ಅಂಗನವಾಡಿಗಳಲ್ಲಿ ಮಾಡಲೆಂದು 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಹುಟ್ಟಿದ ದಿನದಿಂದ 18 ವರ್ಷದವರೆಗೆ ಜನ್ಮದೋಷ, ಕೊರತೆ, ಕಾಯಿಲೆ, ಬೆಳವಣಿಗೆಯ ಕುಂಠಿತಗಳನ್ನು ಹುಡುಕಿ ಉಚಿತವಾಗಿ ಚಿಕಿತ್ಸೆ ಕೊಡಿಸುವುದು ಅದರ ಗುರಿ. ನಾನು ಈ ಇಡೀ ಇತಿಹಾಸದಲ್ಲಿ ಮೆಚ್ಚುವ ಹೆಜ್ಜೆಯೆಂದರೆ ಇದೇ. ಏಕೆಂದರೆ ಇದು ಮಗುವನ್ನು ಮಗುವೆಂದೇ ನೋಡಿತು. ಯಾರ ಕಾರ್ಡಿನ ಎಷ್ಟನೆಯ ಹೆಸರೆಂದು ಕೇಳಲಿಲ್ಲ. ಆರರಿಂದ ಮೇಲಿನವರಲ್ಲಿ ಅದು ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗಷ್ಟೆ ಎಂಬುದು ಅದರ ಮಿತಿ. ಸಾಲಮಾಡಿ ಇಂಗ್ಲಿಷ್ ಮಾಧ್ಯಮಕ್ಕೆ ಕಳಿಸಿದ ತಂದೆ, ಹಾಗೆ ಕಳಿಸಿದ್ದರಿಂದಲೇ ಈ ಸೌಲಭ್ಯವನ್ನು ಕಳೆದುಕೊಳ್ಳುತ್ತಾನೆ.

ಇಷ್ಟೆಲ್ಲ ಯೋಜನೆಗಳ ಹೆಸರು ಕೇಳಿ ತಮಗೆ ಗೊಂದಲವಾಗಿದ್ದರೆ ಅದು ತಮ್ಮ ದೋಷವಲ್ಲ. ಬಡತನದ ರೇಖೆಗಿಂತ ಮೇಲಿದ್ದವರಿಗೆ ರಾಜೀವ್ ಆರೋಗ್ಯ ಭಾಗ್ಯವೆಂಬುದು ಇನ್ನೊಂದಿತ್ತು. ಸರಕಾರ ಬದಲಾದಂತೆ ಹೆಸರು ಬದಲಾಗುವ ಈ ನಾಮಕರಣ ಸಂಸ್ಕಾರದಲ್ಲಿ ನಮ್ಮ ರಾಜಕಾರಣಿಗಳಿಗೆ ಇರುವ ಶ್ರದ್ಧೆ ಅಪಾರ. 2018ರ ಮಾರ್ಚಿಯಲ್ಲಿ ಇವೆಲ್ಲವನ್ನೂ ಒಂದೇ ಹೊಳೆಗೆ ಸೇರಿಸಿ ಆರೋಗ್ಯ ಕರ್ನಾಟಕ ಎಂದರು. ಯಶಸ್ವಿನಿ ಆ ವರ್ಷದ ಮೇ ಕೊನೆಗೆ ನಿಂತಿತು. ಸೆಪ್ಟೆಂಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ ಬಂತು, ಅಕ್ಟೋಬರಿನಲ್ಲಿ ಎರಡೂ ಕೂಡಿದವು. ಬಡಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ರಕ್ಷಣೆ. ಉಳಿದವರಿಗೆ ಗೊತ್ತುಪಡಿಸಿದ ದರದ ಶೇಕಡ 30ರಷ್ಟು, ಒಂದೂವರೆ ಲಕ್ಷದ ಮಿತಿಯಲ್ಲಿ. ಗಮನಿಸಬೇಕಾದದ್ದು ಒಂದು ಸಣ್ಣ ವಾಕ್ಯ: ಕುಟುಂಬದ ಸದಸ್ಯರ ಸಂಖ್ಯೆಗೆ ಮಿತಿಯಿಲ್ಲ, ವಯಸ್ಸಿಗೆ ಮಿತಿಯಿಲ್ಲ. ಮಿತಿಯಿದ್ದರೆ ಹೆಣ್ಣುಮಕ್ಕಳೂ ಮುದುಕರೂ ಹೊರಗುಳಿಯುತ್ತಾರೆಂದು ಯೋಜನೆಯ ವಿವರಣೆಯಲ್ಲಿಯೇ ಒಪ್ಪಿಕೊಳ್ಳಲಾಗಿದೆ. ಹತ್ತು ವರ್ಷ ಐದರ ಲೆಕ್ಕದಲ್ಲಿ ಎಷ್ಟು ಹುಡುಗಿಯರು ಹೊರಗಿದ್ದರೆಂಬುದನ್ನು ಯಾರೂ ಎಣಿಸಿಲ್ಲ.

ಹಾಗಾದರೆ ವಾದ ಮುಗಿಯಿತೇ? ಇಲ್ಲ, ಬೇರೆ ಜಾಗಕ್ಕೆ ಸರಿಯಿತು.

ಮೊದಲನೆಯ ತಕರಾರು ಗೆರೆಯದು. ಪಡಿತರ ಚೀಟಿಯ ಬಣ್ಣದಿಂದ ಮಗುವಿನ ಹಕ್ಕನ್ನು ಅಳೆಯಬೇಕೇ? ಅಮೆರಿಕದಲ್ಲಿ ಇದೇ ಪ್ರಶ್ನೆ ದೊಡ್ಡ ಕದನವಾಯಿತು. ಕಡುಬಡವರಲ್ಲದ, ಆದರೆ ಖಾಸಗಿ ವಿಮೆ ಕೊಳ್ಳಲಾರದ ಮನೆಗಳ ಮಕ್ಕಳಿಗಾಗಿ ಅಲ್ಲಿ 1997ರಲ್ಲಿ ಸರಕಾರಿ ವಿಮೆ ಬಂತು. 2007ರಲ್ಲಿ ಅದನ್ನು ಇನ್ನಷ್ಟು ಮಕ್ಕಳಿಗೆ ವಿಸ್ತರಿಸಿ, ವೆಚ್ಚಕ್ಕೆ ಸಿಗರೇಟಿನ ತೆರಿಗೆ ಏರಿಸುವ ಮಸೂದೆಯನ್ನು ಶಾಸನಸಭೆ ಒಪ್ಪಿತು. ಅಧ್ಯಕ್ಷ ಬುಷ್ ಎರಡು ಸಲ ತಡೆದರು. ಖಾಸಗಿ ವಿಮೆಯಲ್ಲಿರುವವರೂ ಅದನ್ನು ಬಿಟ್ಟು ಸರಕಾರದ ನೆರಳಿಗೆ ಬರುತ್ತಾರೆಂಬುದು ಅವರ ಆಕ್ಷೇಪ. 2009ರ ಫೆಬ್ರವರಿಯಲ್ಲಿ ಒಬಾಮಾ ಅಧಿಕಾರಕ್ಕೆ ಬಂದ ಎರಡೇ ವಾರಗಳಲ್ಲಿ ಅದಕ್ಕೆ ಸಹಿ ಹಾಕಿದರು. ಅತ್ತ ವಿಯೆಟ್ನಾಮು ಗೆರೆಯನ್ನೇ ಅಳಿಸಿ, ಆರು ವರ್ಷದೊಳಗಿನ ಎಲ್ಲ ಮಕ್ಕಳ ವಿಮೆಯ ಹಣವನ್ನು ಸರಕಾರವೇ ತುಂಬುವ ಕಾಯಿದೆಯನ್ನು 2008ರಲ್ಲಿ ಮಾಡಿತು. ನಮ್ಮಲ್ಲಿ ಗೆರೆ ಅಳಿಸಿದ್ದು ಇನ್ನೊಂದು ತುದಿಯಲ್ಲಿ. 2024ರ ಅಕ್ಟೋಬರಿನಲ್ಲಿ 70 ವರ್ಷ ದಾಟಿದ ಎಲ್ಲರಿಗೂ, ಬಡವ ಬಲ್ಲಿದನೆನ್ನದೆ, ಆಯುಷ್ಮಾನ್ ರಕ್ಷಣೆಯನ್ನು ಸಾರಲಾಯಿತು. ವೃದ್ಧರಿಗೆ ಸಿಕ್ಕಿತೆಂದು ಯಾರೂ ಕರುಬಬಾರದು. ಆದರೆ ವಯಸ್ಸೊಂದನ್ನೇ ಅರ್ಹತೆಯಾಗಿ ಒಪ್ಪಿದ ಮೇಲೆ, ಅದೇ ಮಾತು ಏಳು ವರ್ಷದವರಿಗೆ ಏಕೆ ಸಲ್ಲುವುದಿಲ್ಲವೆಂದು ಕೇಳಬಹುದಷ್ಟೆ. ಏಳು ವರ್ಷದವರಿಗೆ ಮತವಿಲ್ಲವೆಂಬುದು ಒಂದು ಉತ್ತರ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಎರಡನೆಯ ತಕರಾರು ಇನ್ನೂ ಗಟ್ಟಿಯಾದದ್ದು. ವಿಮೆಯೆಂದರೆ ಆಸ್ಪತ್ರೆಯಲ್ಲಿ ಮಲಗಿದವನ ವೆಚ್ಚ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 65.5ರಷ್ಟು ಮಂದಿಗೆ ರಕ್ತಹೀನತೆಯಿದೆ. ಐದರ ಒಳಗಿನವರಲ್ಲಿ ಶೇಕಡ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಈ ಮಕ್ಕಳು ಯಾವ ಆಸ್ಪತ್ರೆಯ ಹಾಸಿಗೆಯ ಮೇಲೂ ಇಲ್ಲ, ಆದ್ದರಿಂದ 5 ಲಕ್ಷ ರೂಪಾಯಿಯಲ್ಲಿ ಒಂದು ರೂಪಾಯಿಯೂ ಅವರಿಗೆ ತಾಗುವುದಿಲ್ಲ. ಆ ಹಣವನ್ನು ಅಂಗನವಾಡಿಯ ತಟ್ಟೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧಕ್ಕೆ, ತಾಲೂಕು ಆಸ್ಪತ್ರೆಯ ಮಕ್ಕಳ ವೈದ್ಯನ ಸಂಬಳಕ್ಕೆ ಹಾಕಿರೆಂಬ ವಾದ ಭೋರ್ ಸಮಿತಿಯ ಮಾತಿನ ಮುಂದುವರಿಕೆಯೇ. ವಿಮೆಯ ಪರದವರು ಕೇಳುತ್ತಾರೆ: ತಾಲೂಕು ಆಸ್ಪತ್ರೆ ಸರಿಹೋಗುವ ತನಕ ಹೃದಯದ ರಂಧ್ರ ಕಾಯುತ್ತದೆಯೇ? ಅದಕ್ಕೂ ಎದುರುತ್ತರವಿಲ್ಲ.

ಈ ಮೂರು ಊರುಗಳಿಂದ ನೋಡಿದಾಗ ಎರಡು ವಾದಗಳೂ ರಸ್ತೆಯ ಮೇಲೆ ಬಂದು ನಿಲ್ಲುತ್ತವೆ. ನರಗುಂದ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿದೆ. ಅಲ್ಲಿಯವರಿಗೆ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ನೇರ ದಾರಿ. 1957ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜು ಆದಂದಿನಿಂದ ಈ ಭಾಗದ ಬಡವರ ಕೊನೆಯ ಬಾಗಿಲು ಅದೇ. ರೋಣ, ಗಜೇಂದ್ರಗಡಗಳವರು ಗದಗಿಗೆ ಬರಬೇಕು. ಅಲ್ಲಿ ಬೆಟಗೇರಿಯಲ್ಲಿ ಬಾಸೆಲ್ ಮಿಶನ್ನಿನವರು ಕಟ್ಟಿದ, ಜನರ ಬಾಯಲ್ಲಿ 'ಜರ್ಮನ್ ಆಸ್ಪತ್ರೆ'ಯಾಗಿ ಉಳಿದ ಹಳೆಯ ಆಸ್ಪತ್ರೆಯುಂಟು. 2015ರಿಂದ ಸರಕಾರಿ ವೈದ್ಯಕೀಯ ಕಾಲೇಜೂ ಇದೆ. ಈಗಿನ ನಿಯಮದಂತೆ ಕಾರ್ಡು ಹಿಡಿದವನು ತುರ್ತಿನ ಹೊರತು ಮೊದಲು ಸರಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆಗದೆಂದು ಚೀಟಿ ಬರೆದುಕೊಟ್ಟರೆ ಮಾತ್ರ ಖಾಸಗಿಯವರ ಬಾಗಿಲು. ಸರಕಾರಿ ಆಸ್ಪತ್ರೆ ಬೆಳೆಯಬೇಕಾದರೆ ಈ ಕಟ್ಟು ಬೇಕೆಂದು ನಾನೂ ಒಪ್ಪುತ್ತೇನೆ. ಆದರೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಗಜೇಂದ್ರಗಡದಿಂದ ಹೊರಟ ತಾಯಿಗೆ ಆ ಚೀಟಿಯೆಂದರೆ ಇನ್ನೊಂದು ಬಸ್ಸು, ಇನ್ನೊಂದು ದಿನದ ಕೂಲಿ. ಬಸ್ಸಿನ ದುಡ್ಡೂ ಹೋದ ಕೂಲಿಯೂ ಯಾವ ಯೋಜನೆಯ ಪಟ್ಟಿಯಲ್ಲಿಯೂ ಪೂರ್ತಿ ಬಂದಿಲ್ಲ.

ಯಶಸ್ವಿನಿಯನ್ನು ನಿಲ್ಲಿಸಿದ್ದು ಸಹಕಾರಿಗಳಿಗೆ ಒಪ್ಪಿತವಾಗಲಿಲ್ಲ. ಒತ್ತಾಯ ನಡೆದೇ ಇತ್ತು. 2022ರಲ್ಲಿ ಸರಕಾರ ಅದಕ್ಕೆ ಮತ್ತೆ ಜೀವ ಕೊಟ್ಟಿತು, 2023ರ ಜನವರಿ 1ರಿಂದ ಚಿಕಿತ್ಸೆ ಮೊದಲಾಯಿತು. ಈ ಸಲ ವಂತಿಗೆ ತಲೆಗಿಷ್ಟೆಂದಿಲ್ಲ, ಕುಟುಂಬಕ್ಕೆ ಇಷ್ಟೆಂದಿದೆ: ಗ್ರಾಮೀಣ ಸಂಘದ ಸದಸ್ಯನಿಗೆ 500 ರೂಪಾಯಿ, ರಕ್ಷಣೆ 5 ಲಕ್ಷದವರೆಗೆ. ಕಣಗಿನಹಾಳದ ಸಂಘ ಹುಟ್ಟಿ ನೂರಹದಿನೇಳು ವರ್ಷಗಳ ಮೇಲೆ ಸಂಘದ ಜಗಲಿಗೆ ಪುಸ್ತಕ ಮತ್ತೆ ಬಂತು. ಆ 500 ರೂಪಾಯಿಯಲ್ಲಿ ಸೇರುವವರು ನಾಲ್ವರು. ಐದನೆಯ ಹೆಸರು ಬರೆಸಬೇಕಾದರೆ ಇನ್ನೂ ನೂರು ರೂಪಾಯಿ ಕೊಡಬೇಕು.